ಸೊಸೆ ನಕ್ಕಿತು

ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಕರಡಿ ಎನ್ನುತ್ತಿದ್ದರು. ಕರಡು ತಿದ್ದುವವಳು ಕರಡಿ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಮೈಕಟ್ಟಿನಲ್ಲಿ ಕರಡಿಯದೇನೂ ಇರಲಿಲ್ಲ. ಗಾಳಿ ಜೋರಾದರೆ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾದ ಆಳು. ಹೆಸರಿಟ್ಟದ್ದು ಹಳೆಯ ಕಾಲದ ಅಚ್ಚುಮೊಳೆ ಜೋಡಿಸುವವರಲ್ಲಿ ಒಬ್ಬರು. ಅವರು ನಿವೃತ್ತರಾದರು, ಸೀಸದ ಮೊಳೆಗಳು ಗುಜರಿಗೆ ಹೋದವು, ಕಂಪ್ಯೂಟರ್ ಬಂತು, ಹೆಸರು ಮಾತ್ರ ಉಳಿದುಕೊಂಡಿತು. ಬೆಳಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದಾದರೆ ಒಳಗಿದ್ದವರು "ಕರಡಿ ಬಂತು" ಎಂದು ಟೀ ಲೋಟ ಕೆಳಗಿಡುತ್ತಿದ್ದರು. ಅದು ಅವಳಿಗೆ ಕೇಳಿಸುತ್ತಿತ್ತು. ವಾಕ್ಯದಲ್ಲಿ ವ್ಯಾಕರಣದ ತಪ್ಪಿರಲಿಲ್ಲ, ಆದ್ದರಿಂದ ಏನೂ ಹೇಳುತ್ತಿರಲಿಲ್ಲ.

ಮನೆಯಲ್ಲೂ ಅದೇ ಕಥೆ. ಸಂಜೆ ಆರೂಕಾಲಿಗೆ ಅವಳು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತ ಅತ್ತೆ ಪಕ್ಕದ ಮನೆಯವಳಿಗೆ "ಬಂತು ನಮ್ಮನೇದು" ಎನ್ನುತ್ತಿದ್ದರು. ತಡವಾದರೆ "ಇನ್ನೂ ಬಂದಿಲ್ಲ ಅದು." ಜ್ವರ ಬಂದರೆ "ಮಲಗಿದೆ." ಎದುರಿಗೆ ನೀನು, ಬೆನ್ನ ಹಿಂದೆ ಅದು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಆ ಮನೆಗೆ ಸೊಸೆಯಾಗಿ ಬಂದವಳಿಗೆ ಈಗ ಅರವತ್ತೆರಡು. ಈ ಮೂವತ್ತೆಂಟು ವರ್ಷದಲ್ಲಿ ಅತ್ತೆಯ ಬಾಯಲ್ಲಿ ಅವಳು ಒಮ್ಮೆಯೂ ಬಂದಳು ಆಗಿರಲಿಲ್ಲ.

ನಮ್ಮ ಭಾಷೆಯಲ್ಲಿ ಇದೊಂದು ತೊಡಕು. ಬೇರೆ ಕೆಲವು ಭಾಷೆಗಳಲ್ಲಿ ಕ್ರಿಯಾಪದವನ್ನು ಹೇಳಿ ಸುಮ್ಮನಾಗಬಹುದು. ಬಂದದ್ದು ಮನುಷ್ಯರೋ ಮೇಜೋ ಎಂದು ಅದು ಕೇಳುವುದಿಲ್ಲ. ನಮ್ಮಲ್ಲಿ ಪ್ರತಿ ವಾಕ್ಯದ ಬಾಲದಲ್ಲಿ ಒಬ್ಬ ಕಾವಲುಗಾರ ನಿಂತಿರುತ್ತಾನೆ. ಬಂದನು, ಬಂದಳು, ಬಂದರು ಎಂದರೆ ಮನುಷ್ಯರು. ಬಂತು ಎಂದರೆ ದನ, ಬಸ್ಸು, ಮಳೆ, ಸಂಬಳ. ಕೂಸಿಗೂ ಬಂತು ಎನ್ನುತ್ತಾರೆ, ಮುದ್ದಿಗೆ. ಕಂಡರಾಗದವರಿಗೂ ಬಂತು ಎನ್ನುತ್ತಾರೆ, ಸಿಟ್ಟಿಗೆ. ಅತ್ತೆಯದು ಇವೆರಡರಲ್ಲಿ ಯಾವುದು ಎಂಬುದು ಪೂರ್ವಾಪರ ನೋಡಿ ನಿರ್ಧರಿಸಬೇಕಾದ ವಿಷಯ. ಕರಡಿ ಮೂವತ್ತೆಂಟು ವರ್ಷದ ಪೂರ್ವಾಪರ ನೋಡಿದ್ದಳು. ನಿರ್ಧಾರವಾಗಿರಲಿಲ್ಲ.

ಅತ್ತೆಗೆ ವ್ಯಾಕರಣ ಗೊತ್ತಿಲ್ಲವೆಂದಲ್ಲ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು ಅವರು. ಹತ್ತೊಂಬತ್ತು ವರ್ಷದ ಹಿಂದೆ ಅವರ ಮಗ, ಎಂದರೆ ಕರಡಿಯ ಗಂಡ, ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವ ಇಲಾಖೆಯಲ್ಲಿದ್ದವನು, ಕಚೇರಿಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ. ಮಧ್ಯಾಹ್ನದ ಹೊತ್ತಿಗೆ ದೇಹ ಹೊತ್ತ ಆಸ್ಪತ್ರೆಯ ಗಾಡಿ ಮನೆ ಮುಂದೆ ನಿಂತಾಗ ನೆರೆದಿದ್ದವರೆಲ್ಲ "ಬಂತು, ದಾರಿ ಬಿಡಿ" ಎಂದರು. ಅತ್ತೆ ಮಾತ್ರ "ಬಂದ" ಎಂದರು. ಕರಡಿ ಅದನ್ನು ಗಮನಿಸಿದಳು. ಅಂಥ ಹೊತ್ತಿನಲ್ಲಿ ಪ್ರತ್ಯಯ ಗಮನಿಸುವವಳು ಎಂಥವಳು ಎಂದು ಯಾರಾದರೂ ಕೇಳಬಹುದು. ಕೆಲಸ ಮೈಗೆ ಹತ್ತಿದವಳು, ಅಷ್ಟೆ.

ಮಕ್ಕಳಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಉಳಿದವರು ಇಬ್ಬರೇ. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಗೆ ಎದುರಾಗಿ ಒಂದು ಉದ್ದನೆಯ ಮೇಜು. ಅತ್ತೆ ಒಂದು ತುದಿಗೆ, ಸೊಸೆ ಇನ್ನೊಂದು ತುದಿಗೆ. ಜಗಳವಿರಲಿಲ್ಲ. ಮಾತೂ ಅಷ್ಟಕ್ಕಷ್ಟೆ.

ಇಬ್ಬರ ನಡುವೆ ಮಾತು ಹುಟ್ಟಿದ್ದು ಹನ್ನೊಂದು ವರ್ಷದ ಹಿಂದೆ, ಅದೂ ಬೇರೆಯವರ ಮಾತು. ಕರಡು ತಿದ್ದುವುದು ಒಬ್ಬರ ಕೆಲಸವಲ್ಲ. ಒಬ್ಬರು ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಕರಡಿನ ಮೇಲೆ ಕಣ್ಣಿಟ್ಟು ಕೇಳಬೇಕು. ಕಿವಿಗೂ ಕಣ್ಣಿಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಕೆಂಪು ಗೆರೆ. ಅಚ್ಚುಕೂಟದಲ್ಲಿ ಹಾಗೆ ಓದಲು ಒಬ್ಬ ಮುದುಕರಿದ್ದರು. ಅವರು ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ತರಲಿಲ್ಲ. ಕಣ್ಣೊಂದೇ ಸಾಕು ಎಂದರು ಯಜಮಾನರು. ಕರಡಿ ಸಾಲದು ಎಂದಳು, ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಳು, ಅತ್ತೆಯ ಮುಂದಿಟ್ಟು ಓದುತ್ತೀರಾ ಎಂದು ಕೇಳಿದಳು. ಅತ್ತೆ ಕನ್ನಡಕ ಒರೆಸಿಕೊಂಡು, ಮೂವತ್ತು ವರ್ಷ ಬೆಂಚಿನ ಮೇಲೆ ಕೋಲು ತಟ್ಟಿದ ದನಿಯಲ್ಲಿ, ಮೊದಲ ಸಾಲಿನಿಂದ ಶುರು ಮಾಡಿದರು.

ಓದುವಾಗ ಚಿಹ್ನೆಗಳನ್ನೂ ಹೇಳಬೇಕು. ಅಲ್ಪವಿರಾಮಕ್ಕೆ "ಅಲ್ಪ", ಪೂರ್ಣವಿರಾಮಕ್ಕೆ "ಪೂರ್ಣ". ಪೂರ್ಣ ಎಂದು ಕೇಳುವ ತನಕ ಕರಡಿ ಮುಂದಿನ ಸಾಲಿಗೆ ತಗಡಿನ ಪಟ್ಟಿ ಸರಿಸುತ್ತಿರಲಿಲ್ಲ. ವರ್ಷಗಳು ಕಳೆದ ಹಾಗೆ ಈ ರೋಗ ಮೇಜಿನಿಂದಾಚೆಗೂ ಹರಡಿತು. "ಸಾರಿಗೆ ಉಪ್ಪು ಜಾಸ್ತಿ ಆಯ್ತು, ಪೂರ್ಣ" ಎಂದು ಅತ್ತೆ ಹೇಳಿದರೆ ಅದರ ಮೇಲೆ ಮಾತಿಲ್ಲ ಎಂದರ್ಥ.

ಹೀಗೆ ಇಬ್ಬರೂ ಸೇರಿ ನೂರಾರು ಪುಸ್ತಕ ಮುಗಿಸಿದರು. ಸಾಸಿವೆಯಷ್ಟು ಸಣ್ಣ ಅಕ್ಷರದ ನಿಘಂಟು, ಮೂಲವ್ಯಾಧಿಯ ಚಿಕಿತ್ಸೆ, ಮಾಜಿ ಅಧಿಕಾರಿಗಳ ಆತ್ಮಕಥೆಗಳು. ಯಾವ ಪುಸ್ತಕದ ಬಗ್ಗೆಯೂ ಅತ್ತೆ ಅಭಿಪ್ರಾಯ ಹೇಳಲಿಲ್ಲ. ಒಂದು ಆತ್ಮಕಥೆಯ ಕೊನೆಯಲ್ಲಿ "ಇಷ್ಟೇನಾ" ಎಂದರು. ಅದು ಹಸ್ತಪ್ರತಿಯಲ್ಲಿ ಇರಲಿಲ್ಲ.

ಕರಡಿಗೆ ಈ ಲೋಕದಲ್ಲಿ ಹೆಮ್ಮೆ ಎಂದು ಇದ್ದದ್ದು ಒಂದೇ. ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡುಬಂದರೆ ಕೊನೆಯಲ್ಲಿ ಒಂದು ಹಾಳೆ ಸೇರಿಸುತ್ತಾರೆ. ಎಡಗಡೆ ತಪ್ಪು, ಬಲಗಡೆ ಒಪ್ಪು. ಮೂವತ್ತನಾಲ್ಕು ವರ್ಷದಲ್ಲಿ ಅವಳು ತಿದ್ದಿದ ಯಾವ ಪುಸ್ತಕಕ್ಕೂ ಆ ತಪ್ಪು-ಒಪ್ಪು ಹಾಳೆ ಬಿದ್ದಿರಲಿಲ್ಲ. ಎರಡು ವರ್ಷದ ಹಿಂದೆ ಅರವತ್ತು ತುಂಬಿದಾಗ, ಉಳಿದವರ ಹಾಗೆ ಅವಳೂ ಮನೆಗೆ ಹೋಗಬೇಕಿತ್ತು. ಯಜಮಾನರು ನಗುತ್ತ, "ನಿಮ್ಮ ಪುಸ್ತಕಕ್ಕೆ ತಪ್ಪು-ಒಪ್ಪು ಬೀಳೋವರೆಗೂ ಆ ಕುರ್ಚಿ ನಿಮ್ಮದೇ ಮೇಡಂ" ಎಂದರು. ಯಜಮಾನರು ಅದನ್ನು ಮರುಗಳಿಗೆಯಲ್ಲೇ ಮರೆತರು. ಕರಡಿ ಅದನ್ನು ನೇಮಕಾತಿಯ ಆದೇಶದ ಹಾಗೆ ಮನಸ್ಸಿನಲ್ಲಿ ಫೈಲು ಮಾಡಿಟ್ಟಳು. ಆ ಕುರ್ಚಿ ಬಿಟ್ಟರೆ ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ; ಇಡೀ ದಿನ ಆ ಎರಡು ಕೋಣೆಯ ಮನೆಯಲ್ಲಿ ಕುಳಿತಿರುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಆ ಕಾದಂಬರಿ ಬಂತು.

ಐವತ್ತು ವರ್ಷ ಹಿಂದೆ ಬೇರೊಂದು ಭಾಷೆಯಲ್ಲಿ ಬರೆದದ್ದು. ಓದಿದವರಿಗಿಂತ ಓದಿದ್ದೇವೆ ಎನ್ನುವವರೇ ಹೆಚ್ಚಿರುವ ಜಾತಿಯ ಪುಸ್ತಕ. ಅನುವಾದಿಸಿದವರು ರಸಾಯನಶಾಸ್ತ್ರದ ನಿವೃತ್ತ ಮೇಷ್ಟ್ರು. ಕಥೆ ನಡೆಯುವುದು ಮನುಷ್ಯರ ಹಾಗೆಯೇ ಕಾಣುವ ಯಂತ್ರಗಳು ಮನೆಮನೆಯಲ್ಲಿ ಸೇರಿಹೋಗಿರುವ ಒಂದು ಪಟ್ಟಣದಲ್ಲಿ. ಯಾವುದು ಯಂತ್ರ, ಯಾರು ಮನುಷ್ಯರು ಎಂದು ಮನೆಯವರಿಗೇ ನೆನಪಿಲ್ಲ. ಕೆಲವು ಯಂತ್ರಗಳಿಗೆ ತಾವು ಯಂತ್ರವೆಂದೇ ಗೊತ್ತಿಲ್ಲ. ಜನಗಣತಿಯ ಗುಮಾಸ್ತನೊಬ್ಬ ಒಂದು ಮನೆಗೆ ಬರುತ್ತಾನೆ. ಮನೆಯಲ್ಲಿ ಮೂವರು ಹೆಂಗಸರು: ಒಬ್ಬಳು ಅತ್ತೆ, ಒಬ್ಬಳು ಸೊಸೆ, ಒಬ್ಬಳು ಅಡುಗೆಯವಳು. ಮೂವರಲ್ಲಿ ಒಂದು ಯಂತ್ರ. ಮನುಷ್ಯರ ಕಾಲಂನಲ್ಲಿ ಎರಡು ಎಂದು ಬರೆಯಬೇಕು, ಆದರೆ ಯಾವ ಎರಡು? ಅದನ್ನು ಕಂಡುಹಿಡಿಯಲು ಅವನು ಮುನ್ನೂರು ಪುಟ ಆ ಮನೆಯ ಊಟದ ಮೇಜಿನ ಮುಂದೆ ಕೂರುತ್ತಾನೆ. ಸರ್ಕಾರಿ ಗುಮಾಸ್ತ ಅಷ್ಟು ಹೊತ್ತು ಒಂದೇ ಮನೆಯಲ್ಲಿ ಕೂತದ್ದೇ ಕಥೆಯ ಅತಿ ದೊಡ್ಡ ಕಲ್ಪನೆ ಎಂದು ಡಿಟಿಪಿಯವಳು, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಹೆಂಗಸು, ಹೇಳಿದಳು.

ಹಸ್ತಪ್ರತಿಯ ಮೊದಲ ಹಾಳೆಯ ಮೇಲೆ ಮೇಷ್ಟ್ರು ಹಸಿರು ಶಾಯಿಯಲ್ಲಿ ಒಂದು ಸೂಚನೆ ಬರೆದಿದ್ದರು. ಕಥೆಯ ಗುಟ್ಟೆಲ್ಲ ಕ್ರಿಯಾಪದದ ಕೊನೆಯಲ್ಲಿದೆ, ಹಸ್ತಪ್ರತಿಯಲ್ಲಿ ಇದ್ದ ಹಾಗೆಯೇ ಇರಲಿ, ದಯವಿಟ್ಟು ಯಾರೂ ತಿದ್ದಬೇಡಿ ಎಂದು. ಕರಡಿಗೆ ಅದು ಇಷ್ಟವಾಯಿತು. ಕೆಲಸ ಗೊತ್ತಿರುವವರು ಬರೆದದ್ದು ಅನ್ನಿಸಿತು.

ಮೊದಲ ಐದು ಅಧ್ಯಾಯ ಯಾವ ತಕರಾರೂ ಇಲ್ಲದೆ ಸಾಗಿದವು. ಅತ್ತೆ ಬಂದಳು, ಸೊಸೆ ಬಂದಳು, ಅಡುಗೆಯವಳು ಬಂದಳು, ಪೂರ್ಣ. ಆರನೆಯ ಅಧ್ಯಾಯದಲ್ಲಿ ಕಥೆಯ ಸೊಸೆ ಹೊರಗಿನ ಕೆಲಸಕ್ಕೆ ಸೇರುತ್ತಾಳೆ, ದಿನವೂ ತಡವಾಗಿ ಮನೆಗೆ ಬರುತ್ತಾಳೆ, ಅತ್ತೆ ಬಾಗಿಲಲ್ಲಿ ಕಾಯುತ್ತಾಳೆ, ಜಗಳ ಶುರುವಾಗುತ್ತದೆ. ಅಲ್ಲಿಂದ ಓದುವ ದನಿ ಬದಲಾಯಿತು. ಶಾಲೆಯ ದನಿ ಹೋಗಿ, ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಪಕ್ಕದ ಮನೆಯವಳೊಂದಿಗೆ ಆಡುವ ದನಿ ಬಂತು. ಎಂಬತ್ತನಾಲ್ಕು ವರ್ಷದ ಹೆಂಗಸು ಬದುಕಿನಲ್ಲಿ ಮೊದಲ ಸಲ ಒಂದು ಕಾದಂಬರಿಯೊಳಗೆ ಇಳಿದಿದ್ದರು.

"ಸೊಸೆ ನಕ್ಕಿತು, ಪೂರ್ಣ" ಎಂದರು.

ಕರಡಿನಲ್ಲಿ ಇದ್ದದ್ದು ನಕ್ಕಳು. ಕರಡಿಯ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅವಳಿಗೆ ಹಸಿರು ಶಾಯಿಯ ಸೂಚನೆ ನೆನಪಾಯಿತು. ಇದೇ ಗುಟ್ಟು ಇರಬೇಕು. ಡಿಟಿಪಿಯವಳು ಕೈಯ ಅಭ್ಯಾಸದ ಮೇಲೆ ಳು ಹೊಡೆದಿದ್ದಾಳೆ. ಹಸ್ತಪ್ರತಿಯನ್ನು ಎಳೆದು ನೋಡಬಹುದಿತ್ತು. ಎರಡು ಮೊಳ ದೂರದಲ್ಲಿತ್ತು. ನೋಡಲಿಲ್ಲ. ಸೊಸೆಯೊಬ್ಬಳಿಗೆ ತು ಪ್ರತ್ಯಯ ಅವಳ ಕಿವಿಗೆ ಅಪರೂಪದ್ದೇನೂ ಆಗಿರಲಿಲ್ಲ. ನಕ್ಕಳು ಎಂಬುದಕ್ಕೆ ಗೆರೆ ಎಳೆದು ಪಕ್ಕದಲ್ಲಿ ನಕ್ಕಿತು ಎಂದು ಬರೆದಳು. ಅಧ್ಯಾಯ ಆರರಿಂದ ಒಂಬತ್ತರ ತನಕ, ಪುಟ ತೊಂಬತ್ತೇಳರಿಂದ ನೂರ ಅರವತ್ತರ ತನಕ, ಇಂಥ ತಿದ್ದುಪಡಿಗಳು ನಲವತ್ತೊಂದು ಆದವು. ಯಂತ್ರ ಯಾರೆಂದು ಗುಮಾಸ್ತನಿಗಿಂತ ಮೊದಲೇ ತನಗೆ ತಿಳಿಯಿತೆಂದು ಒಳಗೊಳಗೇ ಬೀಗಿದಳು ಸಹ.

ಮರುದಿನ ಡಿಟಿಪಿಯವಳು ಕುರ್ಚಿ ತಿರುಗಿಸಿ ಕೇಳಿದಳು, ಸೊಸೆ ನಕ್ಕಿತು ಅಂತಲೇ ಇರಬೇಕಾ ಅಕ್ಕ, ಕೇಳೋಕೆ ಒಂಥರಾ ಇದೆ ಎಂದು. ಹಸ್ತಪ್ರತಿಯಲ್ಲಿ ಹಾಗೇ ಇದೆ ಎಂದಳು ಕರಡಿ. ಪುಸ್ತಕದ ಬಿಡುಗಡೆಗೆ ದಿನ ಗೊತ್ತಾಗಿತ್ತು, ಯಜಮಾನರಿಗೆ ಅವಸರ. ಹದಿನಾರು ಪುಟಕ್ಕೊಂದು ಫಾರಂ, ತಿದ್ದಿದ ಫಾರಂ ತಿದ್ದಿದ ಹಾಗೆಯೇ ಅಚ್ಚಿಗೆ ಹೋಗುತ್ತಿತ್ತು. ಸಾವಿರ ಪ್ರತಿ.

ಹತ್ತನೆಯ ಅಧ್ಯಾಯದಿಂದ ಕಥೆಯ ಸೊಸೆ ಮನೆ ಬಿಟ್ಟು ಹೋಗುತ್ತಾಳೆ, ಕೊನೆಗೆ ಮಾತ್ರ ಬರುತ್ತಾಳೆ. ಅತ್ತೆಯ ಓದು ಮತ್ತೆ ಶಾಲೆಯ ದಾರಿಗೆ ಬಂತು. ಕೊನೆಯ ಅಧ್ಯಾಯ ಒಂದು ಭಾನುವಾರ ಬೆಳಗ್ಗೆ ಓದಿದರು. ಅದರಲ್ಲಿ ಗುಮಾಸ್ತನಿಗೆ ಗುಟ್ಟು ತಿಳಿಯುತ್ತದೆ. ಯಂತ್ರವಾಗಿದ್ದದ್ದು ಅತ್ತೆ. ಅವಳಿಗೇ ಅದು ಗೊತ್ತಿರಲಿಲ್ಲ. ಗುಮಾಸ್ತ ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚಿ, ಮನುಷ್ಯರ ಕಾಲಂನಲ್ಲಿ ಮೂರು ಎಂದು ಬರೆದು ಎದ್ದು ಹೋಗುತ್ತಾನೆ, ಪೂರ್ಣ.

ಅತ್ತೆ ಹಾಳೆಗಳನ್ನು ಮೇಜಿಗೆ ಕುಟ್ಟಿ ಒಂದೇ ಸಮ ಮಾಡಿದರು. ಕನ್ನಡಕ ತೆಗೆದರು.

"ಬರೆದವನಿಗೆ ಅತ್ತೆ ಇದ್ದಿರಬೇಕು" ಎಂದು ಎದ್ದು ಒಳಗೆ ಹೋದರು.

ಕರಡಿ ಕುಳಿತೇ ಇದ್ದಳು. ಯಂತ್ರ ಅತ್ತೆಯಾದರೆ ಆರನೆಯ ಅಧ್ಯಾಯದಿಂದ ಸೊಸೆಗೆ ತು ಏಕೆ? ಓದುಗರ ದಾರಿ ತಪ್ಪಿಸಲು ಮಾಡಿದ ಉಪಾಯವೇನೋ ಎಂದು ಮೊದಲು ಅನ್ನಿಸಿತು. ಆಮೇಲೆ, ಎರಡು ವಾರದ ಹಿಂದೆ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದಳು. ಹಸ್ತಪ್ರತಿಯನ್ನು ತನ್ನ ಕಡೆಗೆ ಎಳೆದುಕೊಂಡು ಆರನೆಯ ಅಧ್ಯಾಯ ತೆರೆದಳು. ಮೇಷ್ಟ್ರ ಅಕ್ಷರ ಮುತ್ತಿನ ಹಾಗಿತ್ತು. ಸೊಸೆ ನಕ್ಕಳು. ಸೊಸೆ ಎದ್ದಳು. ಸೊಸೆ ಬಾಗಿಲು ತೆರೆದಳು. ನಲವತ್ತೊಂದು ಕಡೆಯೂ ಳು.

ಅತ್ತೆಯನ್ನು ಕರೆದು ಹಾಳೆ ಮುಂದಿಟ್ಟಳು.

"ಇಲ್ಲಿ ಏನಿದೆ ಓದಿ, ಅತ್ತೆ."

"ಸೊಸೆ ನಕ್ಕಳು, ಪೂರ್ಣ."

"ಅವತ್ತು ಏನು ಓದಿದ್ರಿ?"

"ಇದನ್ನೇ."

ಕರಡಿ ಅಚ್ಚಾಗಿ ಬಂದಿದ್ದ ಹಾಳೆಯನ್ನು ಪಕ್ಕಕ್ಕಿಟ್ಟಳು. ಅತ್ತೆ ಅದನ್ನೂ ಓದಿದರು. ಎರಡನ್ನೂ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಇದೂ ಸರಿಯಾಗೇ ಇದೆಯಲ್ಲ" ಎಂದರು.

"ಅತ್ತೆ, ಸೊಸೆ ಮನುಷ್ಯಳು."

"ಅಲ್ಲ ಅಂತ ಯಾರಂದ್ರು?"

"ನೀವು. ನಲವತ್ತೊಂದು ಕಡೆ. ನೀವಂದ್ರಿ, ನಾನು ಬರ್ಕೊಂಡೆ."

ಅತ್ತೆ ಕುರ್ಚಿ ಎಳೆದು ಕೂತರು. ಏನಾಗುತ್ತೆ ಈಗ ಎಂದು ಕೇಳಿದರು. ತಪ್ಪು-ಒಪ್ಪು ಹಾಳೆ ಬೀಳುತ್ತೆ, ತನ್ನ ಕೆಲಸ ಹೋಗುತ್ತೆ ಎಂದಳು ಕರಡಿ. ಓದಿದ್ದು ನಾನು, ನನ್ನ ಹೆಸರು ಹೇಳು ಎಂದರು ಅತ್ತೆ. ನೀವು ಅಚ್ಚುಕೂಟದ ಸಂಬಳದ ಪಟ್ಟಿಯಲ್ಲಿ ಇಲ್ಲ, ಇಲ್ಲದವರ ಹೆಸರು ಹೇಳಲು ಬರುವುದಿಲ್ಲ ಎಂದಳು. ಹಾಗಿದ್ದರೆ ಯಾರಿಗೂ ಹೇಳಬೇಡ, ಯಾರು ನೋಡುತ್ತಾರೆ ಎಂದರು. ಇಷ್ಟು ಮಾತಾದ ಮೇಲೆ, ಇನ್ನೊಂದನ್ನೂ ಕೇಳಿಬಿಡಬಹುದು ಎಂದು ಕರಡಿಗೆ ಅನ್ನಿಸಿರಬೇಕು.

"ನನ್ನನ್ನ ಯಾಕೆ ಅದು ಅಂತೀರಿ?"

ಅತ್ತೆ ಗಂಟೆ ಎಷ್ಟಾಯಿತೆಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದರು:

"ಏನೋ. ನೀನು ಬಂದ ದಿನ ಬಾಯಿಗೆ ಹಾಗೇ ಬಂತು. ಆಮೇಲೆ ಅದೇ ಉಳೀತು. ನಿನಗೆ ಕೇಳಿಸ್ತಿತ್ತಲ್ಲ? ತಪ್ಪು ಹುಡುಕೋದೇ ನಿನ್ನ ಕಸುಬು. ಒಂದಿನಾನೂ ಯಾಕೆ ತಿದ್ದಲಿಲ್ಲ?"

"ಅಚ್ಚಿಗೆ ಹೋಗೋದನ್ನ ಮಾತ್ರ ನಾನು ತಿದ್ದೋದು."

"ಈಗ ಹೋಯ್ತಲ್ಲ ಅಚ್ಚಿಗೆ" ಎಂದರು ಅತ್ತೆ. ಮಧ್ಯಾಹ್ನದ ಅಡುಗೆಗೆ ತಡವಾಗಿತ್ತು.

ಸೋಮವಾರ ಅಚ್ಚುಕೂಟದಲ್ಲಿ ಅವಳು ಮೊದಲು ಹೇಳಿದ್ದು ಡಿಟಿಪಿಯವಳಿಗೆ, ಏಕೆಂದರೆ ಅವಳಿಗೆ ಕೊಟ್ಟ ಸುಳ್ಳು ಭರವಸೆಯ ಋಣ ತನ್ನ ಮೇಲಿತ್ತು. ಹಸ್ತಪ್ರತಿಯಲ್ಲಿ ಹಾಗೇ ಇದೆ ಎಂದಿದ್ದೆ, ಇರಲಿಲ್ಲ, ನಾನು ನೋಡದೆ ಹೇಳಿದ್ದು ಎಂದಳು. ಡಿಟಿಪಿಯವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಬಿಟ್ಹಾಕಿ ಅಕ್ಕ. ಯಜಮಾನ್ರು ಪುಸ್ತಕ ಓದೋರಲ್ಲ, ಮೇಷ್ಟ್ರಿಗೆ ಕಣ್ಣು ಮಂಜು. ಓದೋರು ಇದನ್ನ ಲೇಖಕರ ಚಾಲಾಕಿ ಅನ್ಕೋತಾರೆ. ವಿಮರ್ಶಕರಂತೂ ಇದರ ಮೇಲೇ ಒಂದು ಲೇಖನ ಬರೀತಾರೆ, ನೋಡ್ತಿರಿ."

ಅದು ನಿಜವೆಂದು ಕರಡಿಗೂ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಕುರ್ಚಿ ಉಳಿಯುತ್ತದೆ. ಸೋಮವಾರವೆಲ್ಲ, ಮಂಗಳವಾರ ಮಧ್ಯಾಹ್ನದ ತನಕ ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು, ಒಂದು ಪಂಚಾಂಗದ ಕರಡು ಮುಂದಿಟ್ಟುಕೊಂಡು. ತಿಥಿ ನಕ್ಷತ್ರಗಳು ಕಣ್ಣ ಮುಂದೆ ಹಾದುಹೋದವು. ಅವಳಿಗೆ ಕಂಡದ್ದು ತನ್ನದೇ ಕೆಂಪು ಅಕ್ಷರ. ಅತ್ತೆ ಬಾಯಲ್ಲಿ ಅಂದದ್ದು ಗಾಳಿಗೆ ಹೋಗುತ್ತದೆ. ಬಾಗಿಲ ಬಳಿ ಹುಟ್ಟಿ ಪಕ್ಕದ ಮನೆಯ ಗೋಡೆಗೆ ತಾಗಿ ಮುಗಿಯುತ್ತದೆ. ಇದು ಹಾಗಲ್ಲ. ಸರಿಯಾಗಿದ್ದ ಒಬ್ಬ ಹೆಂಗಸಿನ ಬಾಲ ಕತ್ತರಿಸಿ, ಪಕ್ಕದಲ್ಲಿ ತು ಎಂದು ಬರೆದು, ಸಾವಿರ ಪ್ರತಿ ಮಾಡಿಸಿದವಳು ತಾನು. ಅದೂ ಹಸ್ತಪ್ರತಿ ನೋಡದೆ, ನಲವತ್ತೊಂದು ಸಲ.

ಮೂರು ಗಂಟೆಗೆ ಎದ್ದು ಯಜಮಾನರ ಕೋಣೆಗೆ ಹೋದಳು. ನಿಂತೇ ಹೇಳಿದಳು, ಪುಟ ಸಂಖ್ಯೆ ಸಹಿತ. ಯಜಮಾನರು ಅರ್ಧ ಕೇಳಿದರು. ಕೊನೆಯ ಫಾರಂನಲ್ಲಿ ಒಂದು ಪುಟ ಖಾಲಿ ಉಳಿದಿತ್ತು, ಅಲ್ಲಿ ಅಚ್ಚುಕೂಟದ ಜಾಹೀರಾತು ಹಾಕಬೇಕೆಂದಿದ್ದರು. ಈಗ ಅದರಲ್ಲಿ ತಪ್ಪು-ಒಪ್ಪು ಹಾಕಬೇಕಾಗುತ್ತದೆ ಎಂಬುದು ಅವರಿಗೆ ಸ್ವಲ್ಪ ಬೇಸರ ತಂದಿತು. ಅಷ್ಟು ಬಿಟ್ಟರೆ ಅವರಿಗೆ ಖುಷಿಯೇ ಆದಂತಿತ್ತು.

"ನಮ್ಮಪ್ಪ ಅಂತಿದ್ರು ಮೇಡಂ, ಆಯಮ್ಮನ ಕೈಯಲ್ಲಿ ಒಂದೂ ತಪ್ಪು ಬರಲ್ವಲ್ಲ, ಮನುಷ್ಯಳಾ ಏನು ಅಂತ. ಇವತ್ತು ಸಮಾಧಾನ ಆಯ್ತು."

ಕರಡಿ ಅವರಿಗೆ ಅವರ ಷರತ್ತನ್ನು ನೆನಪಿಸಿದಳು. ಯಾವ ಷರತ್ತು ಎಂದರು. ತಪ್ಪು-ಒಪ್ಪು ಬೀಳುವ ತನಕ ಎಂದಿದ್ದರಲ್ಲ ಎಂದಳು. ಅಯ್ಯೋ, ಅದನ್ನು ತಮಾಷೆಗೆ ಹೇಳಿದ್ದು ಎಂದರು. ತಾವು ಹೇಳುವ ಉಳಿದ ಮಾತುಗಳೂ ತಮಾಷೆಗೇ ಇರುತ್ತವೆಯೇ ಎಂದು ಕೇಳಿದಳು. ಯಜಮಾನರು ಈ ಪ್ರಶ್ನೆಯನ್ನು ಗಂಭೀರವಾಗಿ ಯೋಚಿಸಿ, ಹೆಚ್ಚು ಕಡಿಮೆ ಎಂದರು. ನನ್ನವು ಹಾಗಲ್ಲ ಎಂದಳು ಕರಡಿ. ತಪ್ಪು-ಒಪ್ಪು ಹಾಳೆ ತಯಾರು ಮಾಡಿ ಕೊಡುವುದೇ ತನ್ನ ಕೊನೆಯ ಕೆಲಸ, ಅದರ ಕರಡು ಮನೆಯಲ್ಲಿ ನೋಡಿ ಗುರುವಾರ ಕಳಿಸುತ್ತೇನೆ ಎಂದು ಹೇಳಿ ಹೊರಗೆ ಬಂದಳು. ಯಜಮಾನರು ಹಿಂದೆಯೇ ಬಾಗಿಲ ತನಕ ಬಂದು, ಇನ್ನೊಂದು ಸಲ ಯೋಚಿಸಿ ಎಂದರು. ಅವಳು ಯೋಚಿಸುವುದನ್ನು ಮೂರು ಗಂಟೆಗೆ ಮೊದಲೇ ಮುಗಿಸಿದ್ದಳು.

ಮೂವತ್ತನಾಲ್ಕು ವರ್ಷದ ಮೇಜಿನಲ್ಲಿ ಅವಳ ಸ್ವಂತದ್ದು ಎನ್ನುವಂಥದ್ದು ನಾಲ್ಕೇ ಸಾಮಾನು: ಒಂದು ಭೂತಗನ್ನಡಿ, ತಗಡಿನ ಪಟ್ಟಿ, ಕೆಂಪು ಪೆನ್ನುಗಳ ಡಬ್ಬಿ, ಬೆನ್ನಿಗೆ ಇಟ್ಟುಕೊಳ್ಳುವ ಒಂದು ಸಣ್ಣ ದಿಂಬು. ದಿಂಬನ್ನು ಡಿಟಿಪಿಯವಳಿಗೆ ಕೊಟ್ಟಳು. ಡಿಟಿಪಿಯವಳು ಅತ್ತಳು. ಅಳುವಂಥ ದಿಂಬೇನೂ ಅಲ್ಲ ಅದು ಎಂದಳು ಕರಡಿ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಅತ್ತೆ ಸೊಸೆ ಕಿಟಕಿಯ ಎದುರಿನ ಮೇಜಿಗೆ ಕೂತರು. ತಪ್ಪು-ಒಪ್ಪಿನಲ್ಲಿ ತಪ್ಪು ಬಂದರೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ, ಹಾಗಾಗಿ ಅದನ್ನೂ ಓದಿಯೇ ನೋಡಬೇಕು. ಅತ್ತೆಯ ಕೈಯಲ್ಲಿ ಕೈಬರಹದ ತಪ್ಪುಗಳ ಪಟ್ಟಿ, ಸೊಸೆಯ ಕೈಯಲ್ಲಿ ಕರಡು. ಈ ಸಲ ಅತ್ತೆ ಪ್ರತಿ ಸಾಲಿಗೂ ಬೆರಳಿಟ್ಟುಕೊಂಡು ಓದಿದರು, ಹೊಸದಾಗಿ ಅಕ್ಷರ ಕಲಿತವರ ಹಾಗೆ.

"ಪುಟ ತೊಂಬತ್ತೇಳು, ಅಲ್ಪ. ಸಾಲು ಹನ್ನೆರಡು, ಅಲ್ಪ. ತಪ್ಪು, ನಕ್ಕಿತು, ಅಲ್ಪ. ಒಪ್ಪು, ನಕ್ಕಳು, ಪೂರ್ಣ."

ತಗಡಿನ ಪಟ್ಟಿ ಸರಿಯಿತು. ತಪ್ಪು, ಎದ್ದಿತು, ಒಪ್ಪು, ಎದ್ದಳು. ತಪ್ಪು, ಬಂತು, ಒಪ್ಪು, ಬಂದಳು. ಬಂದಳು ಎಂಬುದೊಂದೇ ಹದಿನಾಲ್ಕು ಕಡೆ ಇತ್ತು, ಕಥೆಯ ಸೊಸೆ ದಿನವೂ ತಡವಾಗಿ ಬರುತ್ತಿದ್ದಳಲ್ಲ. ಎಂಟನೆಯ ಬಂದಳುವಿನ ಹೊತ್ತಿಗೆ ಅತ್ತೆ ನೀರು ಕುಡಿದರು. ಹದಿನೆಂಟನೆಯ ಸಾಲಿನಲ್ಲಿ ಕೆಮ್ಮು ಬಂತು. ಸಾಕಾದರೆ ನಾಳೆ ಮುಗಿಸೋಣ ಎಂದಳು ಕರಡಿ. ಮಧ್ಯದಲ್ಲಿ ಬಾಯಿ ಹಾಕಬೇಡ ಎಂದರು ಅತ್ತೆ. ಒಂದೊಂದಾಗಿ, ದನಿ ಏರಿಸದೆ, ಇಳಿಸದೆ, ಕೊನೆಯ ತನಕ ಓದಿದರು.

"ಪುಟ ನೂರ ಅರವತ್ತು, ಅಲ್ಪ. ಸಾಲು ಮೂರು, ಅಲ್ಪ. ತಪ್ಪು, ಹೋಯಿತು, ಅಲ್ಪ. ಒಪ್ಪು, ಹೋದಳು, ಪೂರ್ಣ."

ಅದು ನಲವತ್ತೊಂದನೆಯದು. ಕರಡಿನಲ್ಲಿ ಒಂದೂ ತಪ್ಪಿರಲಿಲ್ಲ. ಕರಡಿ ಹಾಳೆಯ ತಲೆಗೆ ಸರಿಯಾಗಿದೆ ಎಂದು ಬರೆದು, ತಾರೀಕು ಹಾಕಿ, ಪೆನ್ನನ್ನು ಕೈಯಲ್ಲೇ ಹಿಡಿದು ಕುಳಿತಳು. ಅದರ ನಂತರ ಮಾಡುವುದಕ್ಕೆ ಏನೂ ಇರಲಿಲ್ಲ. ಗಂಟೆ ಮೂರೂವರೆ. ಮೂವತ್ತನಾಲ್ಕು ವರ್ಷದಲ್ಲಿ ವಾರದ ನಡುವೆ ಆ ಹೊತ್ತಿನಲ್ಲಿ ಆ ಕೋಣೆಗೆ ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ಅವಳು ನೋಡಿರಲಿಲ್ಲ. ಮೇಜಿನ ಕಾಲಿನ ತನಕ ಬಂದಿತ್ತು.

ಬಾಗಿಲಲ್ಲಿ ಪಕ್ಕದ ಮನೆಯವಳು ನಿಂತಿದ್ದಳು, ಯಾವುದೋ ಅರ್ಜಿಯನ್ನು ಓದಿಸಿಕೊಂಡು ಹೋಗೋಣವೆಂದು. ಹಗಲು ಹೊತ್ತಿನಲ್ಲಿ ಹೊಸ್ತಿಲ ಬಳಿ ಎರಡು ಜೊತೆ ಚಪ್ಪಲಿ ಕಂಡು ಅವಳಿಗೆ ಆಶ್ಚರ್ಯವಾಗಿತ್ತು.

"ಅಜ್ಜಿ, ಸೊಸೆ ಮನೇಲಿದಾರಾ ಇವತ್ತು?"

"ಇದೆ" ಎಂದರು ಅತ್ತೆ.

ಕೈಯಲ್ಲಿ ಇನ್ನೂ ಪಟ್ಟಿ ಇತ್ತು, ಕನ್ನಡಕ ಇನ್ನೂ ಮೂಗಿನ ಮೇಲಿತ್ತು, ಬೆರಳು ಇನ್ನೂ ಕೊನೆಯ ಸಾಲಿನ ಮೇಲಿತ್ತು.

"ತಪ್ಪು, ಇದೆ" ಎಂದರು. "ಒಪ್ಪು, ಇದ್ದಾಳೆ."

ಪಕ್ಕದ ಮನೆಯವಳಿಗೆ ಅರ್ಥವಾಗಲಿಲ್ಲ. ಏನಂದ್ರಿ ಅಜ್ಜಿ ಎಂದಳು. ಅತ್ತೆ ಹೇಳಿದ್ದನ್ನು ಎರಡನೆಯ ಸಲ ಹೇಳುವವರಲ್ಲ. ಮುದುಕಿಯ ತಲೆ ಕೆಡುತ್ತಿದೆ ಎಂದು ಅವಳು ಆ ಸಂಜೆ ತನ್ನ ಮನೆಯಲ್ಲಿ ಹೇಳಿದಳಂತೆ.

ಕರಡಿ ತಲೆ ಎತ್ತಲಿಲ್ಲ. ಪೆನ್ನಿನ ಮುಚ್ಚಳ ಕೈಯಲ್ಲಿ ಹಿಡಿದು, ಹನ್ನೊಂದು ವರ್ಷದ ಅಭ್ಯಾಸದಂತೆ, ಕಾದಳು.

"ಪೂರ್ಣ" ಎಂದರು ಅತ್ತೆ.

ಅವಳು ಮುಚ್ಚಳ ಹಾಕಿದಳು.